ತಪ್ಪಿಸಿದ ಪ್ರಾಸ

ಅರ್ಧ ಮುಖಕ್ಕೆ ನೊರೆ ಬಳಿದುಕೊಂಡು ರೇಜರ್ ಎತ್ತಿದವನು, ಕನ್ನಡಿಯೊಳಗೆ ತನ್ನ ಬಾಯಿ ತನ್ನಷ್ಟಕ್ಕೇ ಆಡುತ್ತಿರುವುದನ್ನು ಕಂಡು ಕೈ ತಡೆದ. ಸದ್ದಿಲ್ಲ. ತುಟಿ ತುಸು ತೆರೆಯುತ್ತದೆ, ನಾಲಗೆ ಮೇಲುಹಲ್ಲಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ, ಬಿಡುತ್ತದೆ, ಮತ್ತೆ ಮೊದಲಿಂದ. ನಿನ್ನೆ ಸಂಜೆಯಿಂದ ಇದೇ ಆಗಿದೆ. ಊಟಕ್ಕೆ ಕೂತಾಗ, ದಿಂಬಿಗೆ ತಲೆ ಕೊಟ್ಟಾಗ, ಈಗ ನಲ್ಲಿಯ ಮುಂದೆ. ಒಂದೇ ಪದ. ಎರಡಕ್ಷರದ ಪುಟ್ಟ ಪದ, ದಿನಕ್ಕೆ ಎಷ್ಟು ಸಲ ಯಾರ ಯಾರ ಬಾಯಲ್ಲಿ ಬಂದು ಹೋಗುತ್ತದೋ. ಇರುವೆ ಸತ್ತರೂ ಅದೇ, ಫೋನಿನ ಬ್ಯಾಟರಿ ಸತ್ತರೂ ಅದೇ. "ನೀರು ಸುಮ್ನೆ ಹೋಗ್ತಿದೆ ನೋಡಿ," ಎಂದಳು ಹೆಂಡತಿ ಅಡುಗೆಮನೆಯಿಂದ. ಅವನು ನಲ್ಲಿ ತಿರುಗಿಸಿದ. ನೀರು ನಿಂತಿತು, ಬಾಯಿ ನಿಲ್ಲಲಿಲ್ಲ. ನಿನ್ನೆ ಸಭಾಂಗಣದಲ್ಲಿ ಈ ಪದವನ್ನು ಮೈಕಿನಲ್ಲಿ ಹೇಳಿದ್ದು ಇದೇ ಬಾಯಿ. ಹೇಳಿದ್ದಲ್ಲ, ತುಂಬು ಕಂಠದಲ್ಲಿ ಹಾಡಿದ ಹಾಗೆ ನುಡಿದದ್ದು. ನುಡಿದು ಮುಗಿಸಿ, ಚಪ್ಪಾಳೆ ಬಿದ್ದಾಗ, ಮುಗುಳ್ನಕ್ಕದ್ದೂ ಹೌದು. ಆ ನಗು ನೆನಪಾದದ್ದೇ ರೇಜರ್ ಗದ್ದದ ಮೇಲೆ ಜಾರಿ ನೊರೆಯ ಮೇಲೆ ಕೆಂಪು ಎಳೆಯೊಂದು ಇಳಿಯಿತು. ಒಳ್ಳೆಯದಾಯಿತು ಅನ್ನಿಸಿತು ಅವನಿಗೆ, ಮರುಗಳಿಗೆಯೇ ಹಾಗನ್ನಿಸಿದ್ದಕ್ಕೂ ನಾಚಿಕೆಯಾಯಿತು. ಇಷ್ಟು ಅಗ್ಗದಲ್ಲಿ ಬಿಡಿಸಿಕೊಳ್ಳುವ ಯೋಚನೆ.

ಕಾಲೇಜಿನಲ್ಲಿ ಅವನನ್ನು ಮಾತ್ರೆ ಮೇಷ್ಟ್ರು ಅನ್ನುತ್ತಿದ್ದರು. ಪದ್ಯ ಓದುವಾಗ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿಸಿ ಮಾತ್ರೆ ಎಣಿಸುವ ಅಭ್ಯಾಸ ಅವನದು. ಮದುವೆಮನೆಯ ಆಹ್ವಾನಪತ್ರ ಕೈಗೆ ಬಂದರೂ ಹೆಬ್ಬೆರಳು ತಾನಾಗಿ ಓಡುತ್ತಿತ್ತು. ತಲೆನೋವು ಬಂದರೆ ಮಾತ್ರೆ ಮೇಷ್ಟ್ರ ಕ್ಲಾಸಿಗೆ ಹೋಗಿ, ಹೆಚ್ಚಾಗುತ್ತೆ, ಎಂದು ಹುಡುಗರ ತಮಾಷೆ. ಅವನಿಗೆ ಅದು ಗೊತ್ತಿತ್ತು, ಒಳಗೊಳಗೇ ಹಿತವೂ ಆಗಿತ್ತು. ಈ ಕಾಲದಲ್ಲಿ ಲಯ ಕೆಟ್ಟರೆ ಸಂಕಟಪಡುವವನು ತಾನೊಬ್ಬನಾದರೂ ಉಳಿದಿದ್ದೇನಲ್ಲ ಎಂಬ ಹೆಮ್ಮೆ. ಅದೇ ಹೆಮ್ಮೆಯಲ್ಲೇ ಅಲ್ಲವೇ ವಾರ್ಷಿಕ ಸಂಚಿಕೆಯ ಸಂಪಾದಕತ್ವವನ್ನು ಮೈಮೇಲೆ ಎಳೆದುಕೊಂಡದ್ದು, ಪ್ರೆಸ್ಸಿನ ಬೆಂಚಿನ ಮೇಲೆ ಕೂತು, ಕಡೆಯ ಪ್ರೂಫಿನ ಹಾಳೆಗಳ ಮೇಲೆ ಕೆಂಪು ಪೆನ್ನು ಹಿಡಿದದ್ದು. ಮಷಿನ್ನಿನವನು ಬಂದು ಬಂದು ಇಣುಕುತ್ತಿದ್ದ. "ಇನ್ನೂ ಆಗ್ಲಿಲ್ವಾ ಸಾರ್? ಪ್ಲೇಟ್ ಹಾಕ್ಬೇಕು." ಆಗ ಬಂತು ಆ ಪದ್ಯ. ಎರಡನೇ ವರ್ಷದ ಹುಡುಗಿ, ಕಿಟಕಿ ಪಕ್ಕ ಕೂರುವವಳು, ಕೇಳಿದರೆ ಮಾತ್ರ ಬಾಯಿ ಬಿಡುವವಳು. ಇಷ್ಟು ಕಟ್ಟುನಿಟ್ಟಾಗಿ ಪ್ರಾಸ ಹೊಂದಿಸುತ್ತಾಳೆಂದು ಅವನಿಗೆ ತಿಳಿದಿರಲಿಲ್ಲ. ಓದುತ್ತ ಹೋದಂತೆ ಹೆಬ್ಬೆರಳು ಖುಷಿಯಿಂದ ಗೆಣ್ಣುಗಳ ಮೇಲೆ ಓಡಿತು.

ಸಂಜೆ ಅಣ್ಣ ಚಪ್ಪಲಿ ಮೆಟ್ಟಿ ಮೆಟ್ಟಿಲನ್ನು ಇಳಿದ
ಬೇಗ ಬರುವೆ ಎಂದು ಅಮ್ಮಗೆ ಹಿಂದೆ ತಿರುಗಿ ನುಡಿದ

ಅಮ್ಮ ಒಲೆಯ ಉರಿಯ ತಗ್ಗಿಸಿ ಮುಚ್ಚಿ ಇಟ್ಟಳು ಅನ್ನ
ಆರದಿರಲಿ ಎಂದುಕೊಂಡಳು ಅವನು ಬರುವ ಮುನ್ನ

ಬೀದಿ ದೀಪ ಹತ್ತಿಕೊಂಡಿತು, ಹಿಂದೆ ಮಳೆಯ ಸದ್ದು
ಮೂಲೆಯಲ್ಲಿ ಒಣಗಿಯೇ ಇತ್ತು ಅವನ ಕೊಡೆಯು ಬಿದ್ದು

ಯಾರೋ ಬಂದು ಬಾಗಿಲಲ್ಲೇ ನಿಂತು ನೋಡಿದರು ಸುತ್ತ
ಕೂತ್ಕೊಳ್ಳಿ, ಅಂದಳು ಅಮ್ಮ. ಅವನು ಈಗ ಬರ್ತಾನೆ.

ಕೊನೆಯ ಸಾಲಿಗೆ ಬಂದಾಗ ಹೆಬ್ಬೆರಳು ಎಡವಿತು. ಮಾತ್ರೆ ಇಲ್ಲ, ಪ್ರಾಸ ಇಲ್ಲ. ಅಲ್ಲಿಯವರೆಗೆ ಗ್ರಂಥದ ಭಾಷೆಯಲ್ಲಿ ನಡೆದುಬಂದ ಪದ್ಯ ಇದ್ದಕ್ಕಿದ್ದಂತೆ ಮನೆಮಾತಿಗೆ ಜಾರಿ ಕೂತಿದೆ. ಪಾಪ, ಎಷ್ಟು ಚೆನ್ನಾಗಿ ತಂದು ಕಡೆಗೆ ಕೈಚೆಲ್ಲಿದ್ದಾಳೆ ಎಂದು ಮರುಗಿದ. ಸುತ್ತ ಅಂದಮೇಲೆ ಯಾವ ಪದ ಬರಬೇಕೆಂದು ಯಾರಿಗೆ ತಾನೇ ಗೊತ್ತಾಗುವುದಿಲ್ಲ? ಪದ್ಯ ಮೊದಲ ಮೆಟ್ಟಿಲಿನಿಂದ ಇಳಿಯುತ್ತಿರುವುದೇ ಆ ಪದದ ಕಡೆಗೆ. ಪದ ಅಲ್ಲಿ ಬಾಗಿಲ ಹೊರಗೆ ನಿಂತೇ ಇದೆ. ಹುಡುಗಿಗೆ ಸಿಕ್ಕಿಲ್ಲ ಅಷ್ಟೇ. ಮಷಿನ್ನಿನವನು ಇನ್ನೊಮ್ಮೆ ಇಣುಕುವುದರೊಳಗೆ ಅವನು ಸಾಲನ್ನು ಹೊಡೆದುಹಾಕಿ ಮೇಲೆ ಬರೆದಿದ್ದ: ಹೇಳುವ ಮೊದಲೇ ತಿಳಿಯಿತು ಅಮ್ಮಗೆ ತನ್ನ ಮಗನು ಸತ್ತ. ಬರೆದು ಒಮ್ಮೆ ಎಣಿಸಿದ. ಕರಾರುವಾಕ್ಕು. ಹುಡುಗಿಯನ್ನು ಒಂದು ಮಾತು ಕೇಳಬೇಕು ಎಂದು ಅನ್ನಿಸಲೇ ಇಲ್ಲವೇ? ಅನ್ನಿಸಿತ್ತು. ಅದೇ ಈಗ ಗದ್ದದ ಗಾಯಕ್ಕಿಂತ ಹೆಚ್ಚು ಉರಿಯುವುದು. ಅನ್ನಿಸಿತ್ತು, ಆದರೆ ನಾಳೆ ಅಚ್ಚಾಗಿ ಬಂದಾಗ ನೋಡಿ ಎಷ್ಟು ಖುಷಿಪಡುತ್ತಾಳೋ ಎಂಬ ಇನ್ನೊಂದು ಯೋಚನೆ ಅದನ್ನು ಪಕ್ಕಕ್ಕೆ ತಳ್ಳಿತ್ತು. ಒಬ್ಬರಿಗೆ ಗೊತ್ತಾಗದ ಹಾಗೆ ಉಪಕಾರ ಮಾಡುವ ಸುಖ.

"ಗದ್ದ ಏನಾಯ್ತು?" ಎಂದಳು ಹೆಂಡತಿ, ತಿಂಡಿಯ ತಟ್ಟೆ ಇಡುತ್ತ. ನಿನ್ನೆಯ ಸಂಗತಿಯನ್ನೆಲ್ಲ ಅವಳಿಗೆ ಹೇಳಿದ್ದ. ಅವಳು ಕೇಳಿಸಿಕೊಂಡಿದ್ದಳು, ಬೈದಿರಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು. "ಇವತ್ತು ಅವರ ಮನೆಗೆ ಹೋಗಿಬನ್ನಿ," ಎಂದಷ್ಟೇ ಅಂದು ಅವಳು ತನ್ನ ಆಫೀಸಿನ ಚೀಲ ಹುಡುಕತೊಡಗಿದಳು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಸಭಾಂಗಣ ಮತ್ತೆ ಕಣ್ಣೊಳಗೆ ತುಂಬಿಕೊಂಡಿತು. ಸಂಚಿಕೆಯ ಬಿಡುಗಡೆ. ರಿಬ್ಬನ್ನು ಬಿಚ್ಚಿ, ಪ್ರತಿ ಎತ್ತಿ ಹಿಡಿದು, ಫೋಟೋ ಆದಮೇಲೆ, ಆಯ್ದ ಇಬ್ಬರು ತಮ್ಮ ಬರಹ ಓದಬೇಕು. ಆ ಹುಡುಗಿಯನ್ನು ಆಯ್ದವನು ಅವನೇ. ಅವಳು ಬೇಡವೆನ್ನುತ್ತಾಳೆ ಅಂದುಕೊಂಡಿದ್ದರೆ, "ಅಮ್ಮನ್ನ ಕರ್ಕೊಂಡು ಬರಬಹುದಾ ಸಾರ್?" ಎಂದು ಕೇಳಿದ್ದಳು. ಅಮ್ಮ ಬಂದಿದ್ದಳು, ಮುಂದಿನಿಂದ ಮೂರನೆಯ ಸಾಲಿನಲ್ಲಿ, ಕುರ್ಚಿಯ ತುದಿಯಲ್ಲಿ, ಯಾರಾದರೂ ಏಳಿ ಅಂದರೆ ಏಳಲು ಸಿದ್ಧವಾದಂತೆ. ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಪಾಳಿ ಮುಗಿಸಿ ನಿದ್ದೆಗೆಟ್ಟೇ ಬಂದವಳು ಎಂದು ಆಮೇಲೆ ತಿಳಿಯಿತು. ಹುಡುಗಿ ಹೊಸ ಪ್ರತಿಯನ್ನು ಅಲ್ಲೇ, ವೇದಿಕೆಯ ಮೇಲೆ, ಮೊದಲ ಸಲ ಕೈಗೆತ್ತಿಕೊಂಡು ಓದತೊಡಗಿದಳು. ಬರಬರುತ್ತ ಧ್ವನಿ ಗಟ್ಟಿಯಾಯಿತು. ಸಭೆ ತಲೆದೂಗಲಿಲ್ಲ, ಆದರೆ ಕೆಮ್ಮು ನಿಂತಿತು. ನಿಂತು ನೋಡಿದರು ಸುತ್ತ ಎಂದಳು. ಮತ್ತೆ ನಿಂತಳು. ಕಣ್ಣು ಪುಟದ ಮೇಲೆ. ಪುಟವನ್ನು ಮುಖದ ಹತ್ತಿರ ತಂದುಕೊಂಡಳು, ಅಕ್ಷರ ಚಿಕ್ಕದಾಗಿದ್ದರೆ ತಂದುಕೊಳ್ಳುವ ಹಾಗೆ. ಸಭೆ ಕಾಯಿತು. ಮಗು ಗಾಬರಿಯಾಗಿದೆ, ಎಂದುಕೊಂಡ ಅವನು, ನಿರೂಪಣೆಯ ಮೈಕಿನ ಮುಂದೆ ನಿಂತಿದ್ದವನು, ಮೆತ್ತಗೆ ನೆನಪಿಸಲು ಹೋದ. ಮೈಕು ಆನ್ ಆಗಿಯೇ ಇತ್ತು. ಒಂದು ಪದ ನೆನಪಿಸಿದ್ದರೆ ಸಾಕಿತ್ತು; ಬಾಯಿ ನಿಲ್ಲಬೇಕಲ್ಲ, ಇಡೀ ಸಾಲನ್ನು, ತಾನೇ ಬರೆದ ಸಾಲನ್ನು, ಏರಿಳಿಸಿ ಹೇಳಿ, ಕೊನೆಯ ಪದದ ಮೇಲೆ ಒಂದು ಒತ್ತು ಕೊಟ್ಟು ಬಿಟ್ಟ. ಸಭಾಂಗಣದ ತುಂಬ ಚಪ್ಪಾಳೆ ಮೊಳಗಿತು. ಹುಡುಗಿ ಪುಸ್ತಕ ಮುಚ್ಚಿ ಮೆಟ್ಟಿಲಿಳಿದು ನೇರ ಮೂರನೆಯ ಸಾಲಿಗೆ ಹೋದಳು. ಅಮ್ಮ ಎದ್ದಳು. ಇಬ್ಬರೂ ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ಚಪ್ಪಾಳೆ ಇನ್ನೂ ಪೂರ್ತಿ ನಿಂತಿರಲಿಲ್ಲ.

ಆಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಲ್ಲಿ ಇತಿಹಾಸದ ಮೇಷ್ಟ್ರು ಬಂದು ತೋಳು ಹಿಡಿದು ಪಕ್ಕಕ್ಕೆ ಕರೆದಿದ್ದರು. "ಏನ್ರೀ, ನಿಮಗೆ ಗೊತ್ತಿರಲಿಲ್ವಾ? ಅದು ಅವರ ಮನೇಲಿ ನಡೆದದ್ದೇ. ಹೋದ ಮಳೆಗಾಲ. ಸೇತುವೆ ಮೇಲೆ ಹುಡುಗನ ಚಪ್ಪಲಿ ಮಾತ್ರ ಸಿಕ್ಕಿತ್ತಂತೆ ಮೊದಲು. ಬಿದ್ದನೋ, ಬೇಕೂಂತ ಇಳಿದನೋ, ಯಾರಿಗೂ ಗೊತ್ತಾಗಲಿಲ್ಲ." ತಾವೇ ಯಾವುದೋ ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಸೇರಿಸಿದ್ದರು: "ಆಯಮ್ಮ ಇವತ್ತಿಗೂ ಆ ಮಾತು ಬಾಯಿಂದ ತೆಗೆಯಲ್ಲವಂತೆ. ಹೋಗಿದಾನೆ ಅಂತಾಳಂತೆ, ಅಷ್ಟೇ. ಮನೇಲಿ ಯಾರೂ ಆಡಲ್ವಂತೆ." ಅವನು ಆಗ ಕೊಟ್ಟ ಉತ್ತರ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ಪದ್ಯದೊಳಗಿನ ನಾನು ಬೇರೆ, ಬರೆದವರು ಬೇರೆ ಅಲ್ವಾ," ಎಂದಿದ್ದ. ತರಗತಿಯಲ್ಲಿ ಹೇಳುವ ಮಾತು. ಇತಿಹಾಸದ ಮೇಷ್ಟ್ರು ಅವನ ಮುಖವನ್ನೇ ಒಂದು ಗಳಿಗೆ ನೋಡಿ, "ಇರಬಹುದು," ಎಂದು ಕೈಯಲ್ಲಿದ್ದ ಕುರ್ಚಿ ಪೇರಿಸಲು ಹೋಗಿದ್ದರು.

ಇವತ್ತು ಸ್ಟಾಫ್ ರೂಮಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಹಾಗೆ ಅನ್ನದಿರುವುದಕ್ಕೇ ಒಂದು ಆಕಾರವಿತ್ತು. ಅವನು ಒಳಗೆ ಬಂದಾಗ ಮಾತು ನಿಂತು, ಆಮೇಲೆ ಹವೆಯ ಬಗ್ಗೆ ಶುರುವಾಯಿತು. ಪ್ರಿನ್ಸಿಪಾಲರು ಮಾತ್ರ, ಏನೂ ತಿಳಿಯದವರು, ಬಾಗಿಲಲ್ಲಿ ತಲೆ ಹಾಕಿ, "ನಿನ್ನೆ ಮಿಂಚಿಬಿಟ್ರಿ ಬಿಡಿ. ಕಡೇ ಸಾಲು ನೀವು ತಗೊಂಡದ್ದು ಮೊದಲೇ ಪ್ಲಾನ್ ಮಾಡಿದ್ದಾ?" ಎಂದರು. ಅವನು ಇಲ್ಲವೆನ್ನಲು ಬಾಯಿ ತೆರೆದ. "ಹೌದು ಸಾರ್," ಎಂಬ ಮಾತು ಹೊರಗೆ ಬಂತು. ಯಾಕೆ ಹಾಗೆ ಹೇಳಿದೆ? ಮೇಜಿನ ಮೇಲಿದ್ದ ಹಾಜರಿ ಪಟ್ಟಿಯನ್ನೆತ್ತಿಕೊಂಡು, ಇತಿಹಾಸದ ಮೇಷ್ಟ್ರ ಕಣ್ಣು ತಪ್ಪಿಸಿ, ಗಂಟೆಗೆ ಮುಂಚೆಯೇ ಕಾರಿಡಾರಿಗೆ ಬಂದು ನಿಂತ. ಯಾರೋ ನೆಲ ಒರೆಸಿ ಹೋಗಿದ್ದರು. ಒಣಗದ ನೆಲದ ಮೇಲೆ ಅವನ ಚಪ್ಪಲಿಯ ಗುರುತು ಒಂದೊಂದೇ ಮೂಡಿ, ಹಿಂದೆ ತಿರುಗಿ ನೋಡಿದರೆ ಉದ್ದಕ್ಕೂ ಅವನೇ.

ತರಗತಿಯಲ್ಲಿ ಕಿಟಕಿಯ ಪಕ್ಕದ ಜಾಗ ಖಾಲಿ. ಅದನ್ನು ನೋಡಬಾರದು ಎಂದು ಹೋದವನು ಮೊದಲು ನೋಡಿದ್ದೇ ಅದನ್ನು. ಮುಂದಿನ ಬೆಂಚಿನ ಹುಡುಗನೊಬ್ಬ ಒಳ್ಳೆಯ ಮನಸ್ಸಿನಿಂದಲೇ, "ಸಾರ್, ನಿನ್ನೆ ನೀವು ಕೊನೇ ಸಾಲು ಹೇಳಿದಾಗ ಮೈ ಜುಂ ಅಂತು," ಎಂದ. ಅವನು ಬೋರ್ಡಿನ ಕಡೆಗೆ ತಿರುಗಿದ. ಬೋರ್ಡಿನ ಮೇಲೆ ನಿನ್ನೆಯ ಸುಸ್ವಾಗತ ಬಣ್ಣದ ಸೀಮೆಸುಣ್ಣದಲ್ಲಿ ಹಾಗೆಯೇ ಇತ್ತು. ಅದನ್ನು ಒರೆಸುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ನಿಂತಿರುವಾಗ ಹಿಂದಿನಿಂದ ಹುಡುಗಿಯೊಬ್ಬಳ ಧ್ವನಿ ಬಂತು. ಖಾಲಿ ಜಾಗದ ಪಕ್ಕ ಕೂತಿದ್ದ, ದಪ್ಪ ಕನ್ನಡಕದ ಗೆಳತಿ. "ಸಾರ್, ಅದು ಅವಳು ಬರೆದ ಸಾಲಲ್ಲ." "ಗೊತ್ತು," ಎಂದ ಅವನು, ಬೋರ್ಡಿಗೇ. "ನೀವೇ ಹೇಳಿದ್ರಲ್ಲ ಸಾರ್, ಪ್ರಾಸ ಅಂದ್ರೆ ಮಾತು ಕೊಟ್ಟ ಹಾಗೆ. ಮೊದಲನೇ ಸಾಲು ಮಾತು ಕೊಡತ್ತೆ, ಎರಡನೇದು ಉಳಿಸಿಕೊಳ್ಳತ್ತೆ. ಎಲ್ಲಾ ಸಲ ಉಳಿಸಿಕೊಂಡು ಒಂದೇ ಒಂದು ಸಲ ತಪ್ಪಿಸಿದ್ರೆ, ಬರೆದ ಪದಕ್ಕಿಂತ ಬರೀದ ಪದ ಜೋರಾಗಿ ಕೇಳತ್ತೆ ಅಂತ. ಅವಳು ಅದನ್ನ ಕೇಳಿ ಬರೆದಿದ್ದು." ದೂರುವ ಧ್ವನಿಯಲ್ಲ ಅದು, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವ ಧ್ವನಿ. ಹೌದು, ಹೇಳಿದ್ದ. ಎಂದು ಹೇಳಿದ್ದೆಂದೂ ನೆನಪಿದೆ. ಫ್ಯಾನು ಕೆಟ್ಟು ಎಲ್ಲರೂ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಮಧ್ಯಾಹ್ನ, ಯಾರೂ ಕೇಳುತ್ತಿಲ್ಲ ಎಂದುಕೊಂಡು, ತನ್ನ ಮಾತಿನ ಚಂದಕ್ಕೆ ತಾನೇ ಮರುಳಾಗಿ ಹೇಳಿದ್ದ. ಒಬ್ಬಳು ಕೇಳಿಸಿಕೊಂಡಿದ್ದಳು. ಮನೆಗೆ ಒಯ್ದಿದ್ದಳು. ಆಡಬಾರದ ಮಾತೊಂದು ತುಂಬಿಕೊಂಡ ಮನೆಯಲ್ಲಿ, ಅದನ್ನು ಆಡದೆಯೇ ಆಡುವ ದಾರಿ ಅವಳಿಗೆ ಅದರಲ್ಲಿ ಸಿಕ್ಕಿತ್ತು. ದಾರಿ ತೋರಿಸಿದವನೇ ಹೋಗಿ ಅದರ ಮೇಲೆ ಗೋಡೆ ಕಟ್ಟಿದ್ದ. ಬೋಧಿಸುವುದಕ್ಕಷ್ಟೇ ನಂಬಿದ್ದನೇ ಆ ಮಾತನ್ನು? ಇವತ್ತಿನ ಪಾಠ ಯಾವುದೆಂದು ಹುಡುಗರನ್ನೇ ಕೇಳಿ ತಿಳಿದುಕೊಂಡು, ಎಲ್ಲಿಂದಲೋ ಎಲ್ಲಿಗೋ ಓದಿ, ಗಂಟೆ ಹೊಡೆದಾಗ ಎಲ್ಲರಿಗಿಂತ ಮೊದಲು ಹೊರಬಿದ್ದವನು ಅವನೇ.

ಸಂಜೆ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಪಕ್ಕ, ಹೊರಗಿನಿಂದ ಏರುವ ಕಿರಿದಾದ ಮೆಟ್ಟಿಲು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗ ಇದು ಆ ಮೆಟ್ಟಿಲೇ ಎಂದು ಹೊಳೆದು, ಪಕ್ಕದ ಗೋಡೆ ಹಿಡಿದುಕೊಂಡ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಹೊಂದಿಸಿಕೊಂಡು ಬಂದಿದ್ದ. ಎಷ್ಟು ಸಲ ಹೊಂದಿಸಿದರೂ ಅದು ಭಾಷಣದ ಹಾಗೆ ತೂಗುತ್ತಿತ್ತು. ಒಂದು ಕಡೆ ಅರಿಯದೆ, ಇನ್ನೊಂದು ಕಡೆ ಮರೆಯದೆ. ಬಾಗಿಲು ತೆರೆದೇ ಇತ್ತು. ಅಮ್ಮ ಒಳಗೆ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಿದಳು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಅವನು ಹೊಸ್ತಿಲ ಮೇಲೆಯೇ ನಿಂತು, ಎಲ್ಲಿ ನೋಡಬೇಕೋ ತಿಳಿಯದೆ, ಗೋಡೆ, ಮೊಳೆಗೆ ತೂಗಿದ ಕ್ಯಾಲೆಂಡರು, ಪ್ಲಗ್ಗಿನಲ್ಲಿ ಸಿಕ್ಕಿಸಿಯೇ ಬಿಟ್ಟಿದ್ದ ಹಳೆಯ ಬಗೆಯ ಚಾರ್ಜರು, ಮಡಿಕೆ ಬೀಳದ ಹಾಸಿಗೆ, ಹೀಗೆ ಒಂದೊಂದನ್ನೇ ನೋಡಿದ.

"ಕೂತ್ಕೊಳ್ಳಿ ಸಾರ್," ಎಂದಳು ಅವಳು. "ಅವಳು ಈಗ ಬರ್ತಾಳೆ."

ಒಳಗೆ ಬಂದು ಕೂತ. ಅವಳಿಗೆ ತಾನಾಡಿದ್ದು ಏನೆಂದು ಹೊಳೆದಂತಿರಲಿಲ್ಲ. ಬಂದವರಿಗೆ ಯಾರಾದರೂ ಹೇಳುವ ಮಾತು. ಬಟ್ಟೆಯ ರಾಶಿಯನ್ನು ಹಾಸಿಗೆಯ ಮೇಲಿಟ್ಟು ಒಂದು ಲೋಟ ನೀರು ತಂದುಕೊಟ್ಟಳು. ಅವಳ ಕೈಯಲ್ಲಿ ಹುದುಗು ಬಂದ ಹಿಟ್ಟಿನ ವಾಸನೆ. ಅವನು ನೀರು ಕುಡಿದ. ಪೂರ್ತಿ ಕುಡಿದ, ಕುಡಿಯುವಷ್ಟು ಹೊತ್ತು ಮಾತಾಡಬೇಕಿಲ್ಲವಲ್ಲ.

"ಅಮ್ಮಾ, ನಿನ್ನೆ…"

"ಅವಳು ನನಗೆ ಮೊದಲೇ ಹೇಳಿ ತೋರಿಸಿದ್ಲು ಸಾರ್, ಪದ್ಯಾನ. ಇಲ್ಲೇ, ನಾನು ಪಾತ್ರೆ ತೊಳೀತಿದ್ದೆ. ಕೊನೇದು ಹೇಳಿದಾಗ ನಾನು ನಕ್ಕುಬಿಟ್ಟೆ. ನಾನು ಆವತ್ತು ನಿಜವಾಗ್ಲೂ ಹಾಗೇ ಅಂದಿದ್ದೆ, ಪೊಲೀಸಿನೋರು ಬಂದಾಗ." ಅವಳು ಎದುರು ಸ್ಟೂಲಿನ ಮೇಲೆ ಕೂತಳು. "ಒಂದು ಕೇಳ್ಲಾ ಸಾರ್? ತಪ್ಪು ತಿಳ್ಕೋಬೇಡಿ."

"ಕೇಳಿ."

"ಅಷ್ಟು ಜನ ಯಾಕೆ ಚಪ್ಪಾಳೆ ಹೊಡೆದ್ರು?"

ಬೇರೆ ಯಾವ ಪ್ರಶ್ನೆಗಾದರೂ ಸಿದ್ಧನಾಗಿ ಬಂದಿದ್ದ. ಅವಳ ಮುಖದಲ್ಲಿ ಸಿಟ್ಟಿನ ಸುಳಿವು ಹುಡುಕಿದ, ಇರಲಿಲ್ಲ. ರಾತ್ರಿಯೆಲ್ಲ ಅದೊಂದನ್ನೇ ತಿರುಗಿಸಿ ಮುರುಗಿಸಿ ನೋಡಿ, ಅರ್ಥವಾಗದೆ, ಗೊತ್ತಿದ್ದವರನ್ನು ಕೇಳಿದರಾಯಿತು ಎಂದು ಇಟ್ಟುಕೊಂಡಂತಿತ್ತು. ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಹೇಳತೊಡಗಿದ.

"ಅದು… ಪ್ರಾಸ ಅಂತ ಇರತ್ತೆ ಅಮ್ಮಾ. ಒಂದು ಸಾಲಿನ ಕೊನೇಲಿ ಒಂದು ಸದ್ದು ಬಂದ್ರೆ, ಮುಂದಿನ ಸಾಲಿನ ಕೊನೇಲೂ ಅಂಥದ್ದೇ ಬರತ್ತೆ ಅಂತ ಕೇಳೋರ ಕಿವಿ ಕಾಯ್ತಿರತ್ತೆ. ಅದು ಬಂದಾಗ ಒಂಥರಾ ಸಮಾಧಾನ. ಅವಳು ಮಧ್ಯೆ ನಿಲ್ಲಿಸಿದ್ಲಲ್ಲ, ಎಲ್ಲರೂ ಕಾಯ್ತಿದ್ರು. ನಾನು ಹೇಳಿದ ಕೂಡಲೇ…"

"ಸಮಾಧಾನ ಆಯ್ತು."

"ಹೌದು."

"ಅವರಿಗೆ."

"ಹೌದಮ್ಮಾ."

"ಓ. ಅದಕ್ಕಾ," ಎಂದಳು ಅವಳು, ನಿಜವಾಗಿಯೂ ಒಂದು ವಿಷಯ ತಿಳಿದುಕೊಂಡವಳಂತೆ. "ನಾನು ಏನೇನೋ ಅಂದ್ಕೊಂಡಿದ್ದೆ." ಜನ್ಮವಿಡೀ ಹೇಳಿಕೊಂಡು ಬಂದ ಪಾಠವನ್ನು ಇಷ್ಟು ಸರಳವಾಗಿ, ಇಷ್ಟು ಸ್ಪಷ್ಟವಾಗಿ ಅವನು ಯಾವತ್ತೂ ಹೇಳಿರಲಿಲ್ಲ. ಯಾರೂ ಇಷ್ಟು ಗಮನವಿಟ್ಟು ಕೇಳಿರಲೂ ಇಲ್ಲ. ಕೆಳಗೆ ಅಂಗಡಿಯವನು ಸೈಕಲ್ಲಿನ ಚಕ್ರ ತಿರುಗಿಸಿ ಬಿಟ್ಟಿದ್ದ. ಅದು ಟಿಕಟಿಕ ಎಂದು ಬಹಳ ಹೊತ್ತು ತಿರುಗಿ ನಿಂತಿತು.

ಹುಡುಗಿ ಹಾಲಿನ ಪೊಟ್ಟಣ ಹಿಡಿದು ಬಂದಳು. ಅವನನ್ನು ನೋಡಿ ಬಾಗಿಲಲ್ಲೇ ತಡೆದಳು. "ಸಾರ್," ಎಂದಳು, ಅಷ್ಟೇ. ಅವನು ಎದ್ದುನಿಂತ, ವಿದ್ಯಾರ್ಥಿ ಬಂದಾಗ ಮೇಷ್ಟ್ರು ಎದ್ದುನಿಲ್ಲುವುದು ಮೂವರಿಗೂ ವಿಚಿತ್ರವಾಗಿ ಕಂಡು, ಮತ್ತೆ ಕೂರುವುದೋ ಬೇಡವೋ ತಿಳಿಯದೆ ಹಾಗೇ ಅರ್ಧ ಬಾಗಿ ನಿಂತ. ಹೊಂದಿಸಿಕೊಂಡು ಬಂದ ವಾಕ್ಯ ತಲೆಯಲ್ಲಿ ಇರಲಿಲ್ಲ. ಬದಲಿಗೆ ಬೇರೆ ಏನೋ ಬಂತು: ಎಲ್ಲ ಪ್ರತಿಗಳನ್ನೂ ವಾಪಸು ತರಿಸುತ್ತೇನೆ, ಆ ಸಾಲಿನ ಮೇಲೆ ಅವಳ ಸಾಲು ಅಚ್ಚು ಮಾಡಿಸಿದ ಚೀಟಿ ಅಂಟಿಸುತ್ತೇನೆ, ಬೇಕಾದರೆ ತಾನೇ ಕೂತು ಒಂದೊಂದಕ್ಕೂ ಅಂಟಿಸುತ್ತೇನೆ.

"ಬೇಡ ಸಾರ್," ಎಂದಳು ಹುಡುಗಿ. "ಚೀಟಿ ಅಂಟಿಸಿದ್ರೆ ಎಲ್ಲರೂ ಕಿತ್ತು ನೋಡ್ತಾರೆ, ಕೆಳಗೇನಿದೆ ಅಂತ."

"ಹಾಗಾದ್ರೆ ನಾನೇನು ಮಾಡ್ಲಿ, ನೀನೇ ಹೇಳು."

ಅವಳು ಹಾಲನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಅಡುಗೆಮನೆಗೆ ಹೋಗುವ ತನಕ ಕಾದಳು. "ನನ್ನ ಹೆಸರು ಹೊಡೆದುಹಾಕಿಸಕ್ಕಾಗತ್ತಾ? ಅದು ಈಗ ನನ್ನ ಪದ್ಯ ಅಲ್ಲ ಸಾರ್. ಮೊದಲಿನ ಸಾಲೆಲ್ಲಾ ನನ್ನವೇ ಆದ್ರೂ ಅಲ್ಲ. ಮೊದಲು ಅದರಲ್ಲಿ ಅಮ್ಮ ಕಾಯ್ತಾ ಇದ್ಲು. ಈಗ ಅವಳಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಅನ್ನ ಮುಚ್ಚಿಟ್ಟ ಹಾಗೆ ಆಗತ್ತೆ." ಉಸಿರು ಎಳೆದುಕೊಂಡಳು. "ಸುತ್ತ ಅಂತ ಯಾಕೆ ಬರೆದೆ ಅಂತ ಬೇರೆ ಯಾರಿಗೂ ಗೊತ್ತಾಗದೇ ಇದ್ರೂ ನಿಮಗೆ ಗೊತ್ತಾಗತ್ತೆ ಅಂದ್ಕೊಂಡಿದ್ದೆ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಒಂದು ಕೆಲಸವಾದರೂ ಅವನಿಗೆ ಸಿಗುತ್ತಿತ್ತು. "ಹೆಸರು ತೆಗೆಸ್ತೀನಿ," ಎಂದ. ಏನೋ ದೊಡ್ಡದನ್ನು ಒಪ್ಪಿಕೊಂಡವನ ಹಾಗೆ ಕೇಳಿಸಿತು ಅವ‌ನಿಗೇ. ಬಿಡುಗಡೆಯಾದ ಪುಸ್ತಕದಿಂದ ಹೆಸರು ತೆಗೆಸುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಅದನ್ನು ಹೇಳಲಿಲ್ಲ. ಅಮ್ಮ ಟೀ ತಂದಳು. ಸಕ್ಕರೆ ಹೆಚ್ಚಾಗಿತ್ತು. ಮೂವರೂ ಕುಡಿದರು.

ಹೊರಟಾಗ ಅಮ್ಮ ಮೆಟ್ಟಿಲಿನವರೆಗೆ ಬಂದಳು. ಒಳಗೆ ಹುಡುಗಿ ಲೋಟ ತೊಳೆಯುವ ಸದ್ದು. ಅವನು ಎರಡು ಮೆಟ್ಟಿಲು ಇಳಿದಿರಬೇಕು, ಅವಳು ಮೆಲ್ಲಗೆ ಕರೆದಳು.

"ಸಾರ್. ಅವಳು ಬರೆದಿರಲಿಲ್ಲ, ಯಾರೂ ನಿಮಗೆ ಹೇಳಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು, ಬೆಳಗ್ಗೆ ಪ್ರಿನ್ಸಿಪಾಲರಿಗೆ ಸಲೀಸಾಗಿ ಹೇಳಿದವನೇ. "ಅವಳ ಪದ್ಯದಲ್ಲೇ ಇತ್ತಮ್ಮಾ," ಎಂದ. "ಬರೀದೇ ಇದ್ರೂ ಕೇಳಿಸ್ತಿತ್ತು."

ಅವಳು ಬಾಗಿಲ ಚೌಕಟ್ಟಿಗೆ ಭುಜ ಒರಗಿಸಿದಳು. "ನನಗೂ ಕೇಳಿಸಿತ್ತು ಸಾರ್," ಎಂದಳು ಆಮೇಲೆ, ಒಳಗಿನ ಸದ್ದಿಗೆ ಒಂದು ಕಿವಿ ಕೊಟ್ಟು. "ಕೇಳಿಸಿದ್ದಕ್ಕೇ ನಕ್ಕಿದ್ದು. ಬಂತು, ಈಗ ಅಂದೇಬಿಡ್ತಾಳೆ ಅಂತ ಕೈಯಲ್ಲಿದ್ದ ಪಾತ್ರೆ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಅವಳು ಅನ್ನಲಿಲ್ಲ. ನನಗೋಸ್ಕರ ಬಿಟ್ಲು. ಎಷ್ಟು ದೊಡ್ಡವಳಾಗಿದಾಳೆ ಅನ್ನಿಸ್ತು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಂಗಡಿಗಳ ಬೋರ್ಡುಗಳು ಒಂದೊಂದಾಗಿ ಹಿಂದೆ ಹೋದವು. ಎಂದಿನಂತೆ ಹೆಬ್ಬೆರಳು ಎಣಿಸಲು ಹೊರಟಿತು; ಮುಷ್ಟಿ ಬಿಗಿದು ತೊಡೆಯ ಕೆಳಗಿಟ್ಟುಕೊಂಡ. ಪಕ್ಕದಲ್ಲಿ ಕೂತವನು ಒಮ್ಮೆ ನೋಡಿ ಸ್ವಲ್ಪ ಸರಿದು ಕೂತ. ಮನೆಯಲ್ಲಿ ಹೆಂಡತಿ ಎಲ್ಲ ಕೇಳಿದಳು: ಪ್ರಾಸದ ವಿವರಣೆ, ಚೀಟಿ, ಹೆಸರು, ಮೆಟ್ಟಿಲ ಮೇಲಿನ ಮಾತು. ಕೇಳಿ ಮುಗಿಸಿ, "ತಪ್ಪಾಯ್ತು ಅಂದಾಗ ಏನಂದ್ರು?" ಎಂದಳು.

ಅವನು ಅನ್ನವನ್ನು ಕಲಸುತ್ತಲೇ ಇದ್ದ. ಹುಡುಕಿದ. ಬಾಗಿಲಿನಿಂದ ಹಿಡಿದು ಮೆಟ್ಟಿಲಿನವರೆಗೆ ಒಂದೊಂದೇ ಮಾತನ್ನೂ ಎತ್ತಿ ಕೆಳಗೆ ನೋಡಿದ. ಎಲ್ಲೂ ಇರಲಿಲ್ಲ.

"ಅದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಹೇಳಿ ಬಂದ್ರಾ?" ಎಂದಳು ಅವಳು. ಕುಹಕವಿರಲಿಲ್ಲ. ಅದಕ್ಕೇ ತಲೆ ಎತ್ತಲಾಗಲಿಲ್ಲ. ಹೇಳದಿದ್ದರೂ ಅವರಿಗೆ ಕೇಳಿಸಿರಬಹುದು ಎಂದು ತನ್ನನ್ನು ಸಂತೈಸಿಕೊಳ್ಳಲು ನೋಡಿದ. ಇಲ್ಲ. ಅವನ ಮಾತಿನಲ್ಲಿ ಆ ಪದಕ್ಕೆ ಯಾರೂ ಕಾಯುವಂಥ ಜಾಗವೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಬ್ರೆಡ್ ಫ್ಯಾಕ್ಟರಿಯ ಗೇಟಿನ ಹೊರಗೆ ನಿಂತ. ಪಾಳಿ ಬದಲಾಗುವ ಹೊತ್ತು. ಒಳಗೆ ಹೋಗುವವರು, ಹೊರಗೆ ಬರುವವರು, ಟ್ರೇ ತುಂಬಿದ ವ್ಯಾನುಗಳು, ಬಿಸಿ ಬ್ರೆಡ್ಡಿನ ವಾಸನೆ. ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿನ ಪಕ್ಕ ಕಾಯುತ್ತಿದ್ದವನನ್ನು ಎಲ್ಲರೂ ಒಮ್ಮೆ ತಿರುಗಿ ನೋಡಿ ಹೋಗುತ್ತಿದ್ದರು. ಕಾವಲಿನವನು, "ಯಾರು ಬೇಕು?" ಎಂದ. ಏನೆಂದು ಹೇಳುವುದು? ಹೆಸರು ಕೇಳಿಟ್ಟುಕೊಂಡಿರಲಿಲ್ಲ ಅವನು. "ನನ್ನ ವಿದ್ಯಾರ್ಥಿನಿಯ ತಾಯಿ," ಎಂದ. ಕಾವಲಿನವನಿಗೆ ಅದರಿಂದ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಅವಳೇ ಬಂದಳು, ಇನ್ನಿಬ್ಬರು ಹೆಂಗಸರ ಜೊತೆ, ತಲೆಯ ಪ್ಲಾಸ್ಟಿಕ್ ಟೋಪಿ ಬಿಚ್ಚಿಕೊಳ್ಳುತ್ತ. ಅವನನ್ನು ಕಂಡು ಮುಖ ಬಿಳಿಚಿತು.

"ಮಗಳಿಗೆ ಏನಾದ್ರೂ…"

"ಇಲ್ಲಮ್ಮಾ, ಇಲ್ಲ, ಅವಳು ಚೆನ್ನಾಗಿದಾಳೆ," ಎಂದ ಗಾಬರಿಯಿಂದ. ಬಾಗಿಲಿಗೆ ಬಂದು ನಿಲ್ಲುವವರನ್ನು ಕಂಡರೆ ಇವಳಿಗೆ ಏನಾಗುತ್ತದೆಂದು ಯೋಚಿಸದೆ ಮತ್ತೆ ಬಂದು ನಿಂತಿದ್ದ. "ತಪ್ಪಾಯ್ತು ಅಂತ ಹೇಳಕ್ಕೆ ಬಂದೆ. ಮೊನ್ನೆ ಸಂಜೆ ಮನೆಗೆ ಬಂದು… ನಿನ್ನೆ ಸಂಜೆ. ಅದೊಂದನ್ನೇ ಹೇಳಿರಲಿಲ್ಲ."

ಜೊತೆಯ ಹೆಂಗಸರು ನಿಂತು ಕೇಳುತ್ತಿದ್ದರು. ಕಾವಲಿನವನೂ. ಅವಳಿಗೆ ಮುಜುಗರವಾಯಿತು, ತನಗಾಗಿ ಅಲ್ಲ, ಅವನಿಗಾಗಿ. ಅದು ಕಂಡೇ ಕಾಣುತ್ತಿತ್ತು. ಟೋಪಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಅದನ್ನ ಅವಳಿಗೆ ಹೇಳಿ ಸಾರ್. ಬರೆದಿದ್ದು ಅವಳು. ಇವತ್ತು ಕಾಲೇಜಿಗೆ ಬರ್ತಾಳೆ."

"ಅವಳಿಗೂ ಹೇಳ್ತೀನಿ. ಆದರೆ ನಿಮಗೂ…"

"ನನಗ್ಯಾಕೆ?" ಅವಳು ಚೀಲವನ್ನು ಭುಜಕ್ಕೆ ಏರಿಸಿದಳು. ರಾತ್ರಿಯ ಪಾಳಿಯ ದಣಿವಿನಲ್ಲಿ, ಯಾವ ಪದಕ್ಕೂ ಒತ್ತು ಕೊಡದೆ, ಬಸ್ಸಿಗೆ ಹೊತ್ತಾಯಿತು ಅನ್ನುವ ಹಾಗೆ ಅಂದಳು. "ಅವನು ಸತ್ತಿದ್ದು ನಿಮ್ಮಿಂದೇನಲ್ವಲ್ಲ."

ಜೊತೆಯಲ್ಲಿದ್ದವರಲ್ಲಿ ಹಿರಿಯಳು ಚಟ್ಟನೆ ಅವಳ ಕಡೆ ತಿರುಗಿದಳು. ಅವಳ ಮೊಣಕೈ ಹಿಡಿದುಕೊಂಡಳು. ಮೂವರೂ ರಸ್ತೆ ದಾಟಿದರು. ಅವನು ಗೇಟಿನ ಪಕ್ಕ ಹಾಗೇ ನಿಂತಿದ್ದ. ವ್ಯಾನೊಂದು ಹಿಂದಿನಿಂದ ಹಾರ್ನ್ ಹೊಡೆಯಿತು. ಕಾವಲಿನವನು ಬಂದು, "ಸ್ವಲ್ಪ ಸರೀರಿ," ಎಂದು ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದ.